ನೀಲಿ ಕಾಗದ ನೀಲಿಯಾಗಿಯೇ ಉಳಿದರೆ ಏನರ್ಥ?

ಮೊನ್ನೆ ಮಗಳು ತನ್ನ ವಿಜ್ಞಾನದ ನೋಟ್ಸ್ ತಂದು ತೋರಿಸಿದಳು. ಅದರಲ್ಲೊಂದು ಕೋಷ್ಟಕ. ಎಡಗಡೆ ಪದಾರ್ಥದ ಹೆಸರು, ಬಲಗಡೆ ಲಿಟ್ಮಸ್ ಪರೀಕ್ಷೆಯ ಫಲಿತಾಂಶ. ನಿಂಬೆರಸ ಆಮ್ಲ. ವಿನೆಗರ್ ಆಮ್ಲ. ಉಪ್ಪುನೀರು ತಟಸ್ಥ. ಸೋಪಿನ ನೀರು ತಟಸ್ಥ. ಕೊನೆಯ ಸಾಲಿಗೆ ಬಂದಾಗ ನನ್ನ ಕಣ್ಣು ಅಲ್ಲೇ ನಿಂತಿತು.

"ಸೋಪಿನ ನೀರು ಹೇಗೆ ತಟಸ್ಥ ಆಗುತ್ತೆ?" ಅಂತ ಕೇಳಿದೆ.

"ನೀಲಿ ಕಾಗದ ಹಾಕಿ ನೋಡ್ದೆ ಅಮ್ಮಾ. ಬಣ್ಣ ಬದಲಾಗ್ಲೇ ಇಲ್ಲ. ಅಂದ್ರೆ ತಟಸ್ಥ ತಾನೆ?"

ಅವಳು ನೋಡಿದ್ದರಲ್ಲಿ ತಪ್ಪಿರಲಿಲ್ಲ. ನೀಲಿ ಕಾಗದ ನೀಲಿಯಾಗಿಯೇ ಉಳಿದದ್ದು ನಿಜ. ಅದಕ್ಕೆ ಕೊಟ್ಟ ಅರ್ಥ ಮಾತ್ರ ತಪ್ಪು. ಈ ತಪ್ಪು ಅವಳೊಬ್ಬಳದೇ ಅಲ್ಲ. "ಆಮ್ಲ ನೀಲಿಯನ್ನು ಕೆಂಪು ಮಾಡುತ್ತದೆ, ಪ್ರತ್ಯಾಮ್ಲ ಕೆಂಪನ್ನು ನೀಲಿ ಮಾಡುತ್ತದೆ" ಅನ್ನುವ ಸಾಲನ್ನು ನಾವೆಲ್ಲ ಬಾಯಿಪಾಠ ಮಾಡಿದವರೇ. ಆದರೆ ಬಣ್ಣ ಬದಲಾಗದೇ ಹೋದಾಗ ಕಾಗದ ಏನು ಹೇಳುತ್ತಿದೆ ಅನ್ನುವುದನ್ನು ಯಾರೂ ನಿಧಾನವಾಗಿ ಕೂತು ಹೇಳಿಕೊಡುವುದಿಲ್ಲ. ಇಡೀ ಪರೀಕ್ಷೆಯಲ್ಲಿ ನನಗೆ ಅದೇ ಮುಖ್ಯ ಅನ್ನಿಸುತ್ತದೆ. ಅದು ಗೊತ್ತಾಗಬೇಕಾದರೆ ಆ ಕಾಗದಕ್ಕೆ ಹಚ್ಚಿರುವುದು ಏನು ಅಂತ ಮೊದಲು ತಿಳಿಯಬೇಕು.

ಕಲ್ಲುಹೂವಿನ ಬಣ್ಣ

ಲಿಟ್ಮಸ್ ಯಾವುದೋ ಕಾರ್ಖಾನೆಯಲ್ಲಿ ಹುಟ್ಟಿದ ರಾಸಾಯನಿಕ ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ಅಲ್ಲ. ಅದು ಕಲ್ಲುಹೂವಿನಿಂದ ಬರುವ ಬಣ್ಣ. ಬಂಡೆಗಳ ಮೇಲೆ, ಮರದ ತೊಗಟೆಯ ಮೇಲೆ ಬೂದು ಬಣ್ಣದ್ದೋ ಮಾಸಲು ಹಸಿರಿನದೋ ಚಕ್ಕೆಗಳು ಅಂಟಿಕೊಂಡಿರುತ್ತವಲ್ಲ, ಅದೇ. ಅದನ್ನು ಗಿಡ ಅನ್ನುವ ಹಾಗಿಲ್ಲ, ಬರೀ ಪಾಚಿ ಅನ್ನುವ ಹಾಗೂ ಇಲ್ಲ. ಒಂದು ಶಿಲೀಂಧ್ರ ಮತ್ತು ಒಂದು ಪಾಚಿ ಜೊತೆಯಾಗಿ ಹೂಡಿದ ಸಂಸಾರ ಅದು. ಪಾಚಿ ಬಿಸಿಲಿನಿಂದ ಆಹಾರ ಮಾಡುತ್ತದೆ, ಶಿಲೀಂಧ್ರ ಅದಕ್ಕೆ ಮನೆ ಕಟ್ಟಿ ಕಾಯುತ್ತದೆ. ಲಿಟ್ಮಸ್‌ಗೆ ಹೆಸರಾದದ್ದು ರೊಸೆಲ್ಲಾ ಎಂಬ ಕಲ್ಲುಹೂವು. ಕಡಲ ತೀರದ ಬಂಡೆಗಳ ಮೇಲೆ ಬೆಳೆಯುವಂಥದ್ದು.

ವಿಚಿತ್ರ ಅಂದರೆ, ಕಿತ್ತು ತಂದ ಕಲ್ಲುಹೂವಿನಲ್ಲಿ ಲಿಟ್ಮಸ್ ಇರುವುದೇ ಇಲ್ಲ. ಅದರಲ್ಲಿರುವುದು ಬಣ್ಣವಿಲ್ಲದ ಕೆಲವು ವಸ್ತುಗಳು. ಕಲ್ಲುಹೂವನ್ನು ಪುಡಿ ಮಾಡಿ, ಅಮೋನಿಯಾ, ಪೊಟ್ಯಾಶ್ ಮತ್ತು ಸುಣ್ಣ ಬೆರೆಸಿ, ಗಾಳಿ ಆಡುವಂತೆ ವಾರಗಟ್ಟಲೆ ಕಳಿಯಲು ಬಿಡುತ್ತಾರೆ. ಹಿಂದಿನ ಕಾಲದಲ್ಲಿ ಅಮೋನಿಯಾಕ್ಕಾಗಿ ಹಳಸಿದ ಮೂತ್ರವನ್ನೇ ಬಳಸುತ್ತಿದ್ದರು. ಕಳಿಯುತ್ತಾ ಹೋದಂತೆ ಮಿಶ್ರಣ ಮೊದಲು ಕೆಂಪಗಾಗುತ್ತದೆ, ಆಮೇಲೆ ನೇರಳೆ, ಕೊನೆಗೆ ನೀಲಿ. ಬಣ್ಣವಿಲ್ಲದ ವಸ್ತುಗಳು ಒಡೆದು, ಗಾಳಿಯ ಆಮ್ಲಜನಕವನ್ನೂ ಅಮೋನಿಯಾದ ಸಾರಜನಕವನ್ನೂ ಸೇರಿಸಿಕೊಂಡು ಹೊಸ ಅಣುಗಳಾಗುವುದು ಈ ವಾರಗಳಲ್ಲೇ. ನೀಲಿ ಬಂದ ಮೇಲೆ ಅದಕ್ಕೆ ಸೀಮೆಸುಣ್ಣ ಅಥವಾ ಜಿಪ್ಸಮ್ ಪುಡಿ ಕಲಸಿ, ಸಣ್ಣ ಸಣ್ಣ ಬಿಲ್ಲೆ ಮಾಡಿ ಒಣಗಿಸುತ್ತಿದ್ದರು. ನೆದರ್ಲ್ಯಾಂಡ್ಸ್ ಬಹಳ ಕಾಲ ಈ ತಯಾರಿಕೆಗೆ ಹೆಸರಾಗಿತ್ತು. ಲಿಟ್ಮಸ್ ಅನ್ನುವ ಪದ ಹಳೆಯ ಉತ್ತರ ಯುರೋಪಿನ ಭಾಷೆಯಿಂದ ಬಂದದ್ದು. ಬಣ್ಣ ಹಾಕುವ ಪಾಚಿ ಅಂತ ಅದರ ಅರ್ಥ.

ಈ ಬಣ್ಣವನ್ನು ನೀರಿನಲ್ಲಿ ಕರಗಿಸಿ, ಸೋಸುಕಾಗದ ಅದ್ದಿ ಒಣಗಿಸಿದರೆ ನೀಲಿ ಲಿಟ್ಮಸ್ ಕಾಗದ. ಅದೇ ದ್ರಾವಣಕ್ಕೆ ಒಂದಿಷ್ಟೇ ಆಮ್ಲ ಸೇರಿಸಿ, ಬಣ್ಣ ಕೆಂಪಿಗೆ ತಿರುಗಿದ ಮೇಲೆ ಕಾಗದ ಅದ್ದಿದರೆ ಕೆಂಪು ಲಿಟ್ಮಸ್ ಕಾಗದ. ಎರಡರಲ್ಲೂ ಇರುವುದು ಒಂದೇ ಬಣ್ಣ. ಇದನ್ನು ದಯವಿಟ್ಟು ನೆನಪಿಡಿ, ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ. ಕೆಂಪು ಕಾಗದಕ್ಕೆ ಒಂದು ರಾಸಾಯನಿಕ, ನೀಲಿ ಕಾಗದಕ್ಕೆ ಇನ್ನೊಂದು ಅಂತ ಇಲ್ಲ.

ಬಣ್ಣ ಯಾಕೆ ಬದಲಾಗುತ್ತದೆ

ಆಮ್ಲ ಅಂದರೆ ನೀರಿನಲ್ಲಿ ಹೈಡ್ರೋಜನ್ ಅಯಾನುಗಳನ್ನು ಬಿಟ್ಟುಕೊಡುವ ವಸ್ತು. ಹೈಡ್ರೋಜನ್ ಪರಮಾಣುವಿನಿಂದ ಅದರ ಒಂದೇ ಒಂದು ಎಲೆಕ್ಟ್ರಾನನ್ನು ಕಿತ್ತುಕೊಂಡರೆ ಉಳಿಯುವುದೇ ಹೈಡ್ರೋಜನ್ ಅಯಾನು. ಅದಕ್ಕೆ ಧನ ವಿದ್ಯುದಂಶ ಇರುತ್ತದೆ, ಯಾರಿಗಾದರೂ ಅಂಟಿಕೊಳ್ಳಲು ಅದು ಕಾಯುತ್ತಿರುತ್ತದೆ. ಪ್ರತ್ಯಾಮ್ಲ ಇದಕ್ಕೆ ತಿರುಗುಮುರುಗು. ಅದು ಹೈಡ್ರೋಜನ್ ಅಯಾನುಗಳನ್ನು ಎಳೆದುಕೊಳ್ಳುತ್ತದೆ. ನೀರಿನಲ್ಲಿ ಕರಗುವ ಪ್ರತ್ಯಾಮ್ಲಕ್ಕೆ ಕ್ಷಾರ ಅಂತ ಹೆಸರು.

ಲಿಟ್ಮಸ್‌ನ ಬಣ್ಣದ ಅಣುವೂ ಒಂದು ಬಗೆಯ ದುರ್ಬಲ ಆಮ್ಲವೇ. ಅದಕ್ಕೆ ಎರಡು ರೂಪ. ಹೈಡ್ರೋಜನ್ ಅಂಟಿಕೊಂಡಿದ್ದಾಗ ಒಂದು, ಕಳೆದುಕೊಂಡಾಗ ಇನ್ನೊಂದು. ಹೈಡ್ರೋಜನ್ ಅಂಟಿದ್ದಾಗ ಅದು ಕೆಂಪಾಗಿ ಕಾಣುತ್ತದೆ. ಹೈಡ್ರೋಜನ್ ಹೋದರೆ ಅಣುವಿನ ಮೇಲೆ ಒಂದು ಋಣ ವಿದ್ಯುದಂಶ ಉಳಿಯುತ್ತದೆ. ಆಗ ಅಣುವಿನ ಎಲೆಕ್ಟ್ರಾನುಗಳಿಗೆ ಓಡಾಡಲು ಜಾಸ್ತಿ ಜಾಗ ಸಿಗುತ್ತದೆ, ಅವು ಕಡಿಮೆ ಶಕ್ತಿಯ ಬೆಳಕನ್ನೂ ಹೀರಲು ಶುರು ಮಾಡುತ್ತವೆ. ಬಿಳಿ ಬೆಳಕಿನಲ್ಲಿ ಹಳದಿ, ಕಿತ್ತಳೆಯ ಕಡೆಯ ಬೆಳಕು ಕಡಿಮೆ ಶಕ್ತಿಯದ್ದು. ಅದನ್ನು ಅಣು ನುಂಗಿಕೊಂಡರೆ ನಮ್ಮ ಕಣ್ಣಿಗೆ ಉಳಿದು ಬರುವುದು ನೀಲಿ.

ಹಾಗಾಗಿ ನೀಲಿ ಕಾಗದದ ಮೇಲೆ ಆಮ್ಲದ ಹನಿ ಬಿದ್ದಾಗ ಆಗುವುದು ಇಷ್ಟೇ. ಹನಿಯಲ್ಲಿ ತುಂಬಿರುವ ಹೈಡ್ರೋಜನ್ ಅಯಾನುಗಳು ಬಣ್ಣದ ಅಣುಗಳಿಗೆ ಅಂಟಿಕೊಳ್ಳುತ್ತವೆ, ನೀಲಿ ರೂಪ ಕೆಂಪು ರೂಪವಾಗುತ್ತದೆ. ಕೆಂಪು ಕಾಗದದ ಮೇಲೆ ಕ್ಷಾರದ ಹನಿ ಬಿದ್ದರೆ ಅದೇ ಹೈಡ್ರೋಜನನ್ನು ಕ್ಷಾರ ಕಿತ್ತುಕೊಳ್ಳುತ್ತದೆ, ಕೆಂಪು ಮತ್ತೆ ನೀಲಿ. ಇದು ಹೋಗಿ ಬರುವ ದಾರಿ. ಬೇಕಾದರೆ ಮಾಡಿ ನೋಡಿ. ನೀಲಿ ಕಾಗದಕ್ಕೆ ವಿನೆಗರ್ ಮುಟ್ಟಿಸಿ ಕೆಂಪು ಮಾಡಿ. ಅದೇ ಜಾಗಕ್ಕೆ ಅಡುಗೆ ಸೋಡಾ ಕದಡಿದ ನೀರನ್ನು ಒಂದೆರಡು ಹನಿ ಬಿಡಿ. ಸಣ್ಣಗೆ ಗುಳ್ಳೆ ಏಳುತ್ತದೆ, ಕೆಂಪು ಅಂಚಿನಿಂದ ಹಿಂದೆ ಸರಿಯುತ್ತಾ ಬಂದು ನೀಲಿಯ ಕಡೆಗೆ ಹೊರಳುತ್ತದೆ. ಮತ್ತೆ ವಿನೆಗರ್ ಬಿಟ್ಟರೆ ಮತ್ತೆ ಕೆಂಪು.

ಬಣ್ಣದಿಂದ ಆಮ್ಲ, ಕ್ಷಾರ ಕಂಡುಹಿಡಿಯುವ ಈ ಉಪಾಯವನ್ನು ಸರಿಯಾಗಿ ಬರೆದಿಟ್ಟವರು ರಾಬರ್ಟ್ ಬಾಯ್ಲ್. 1664ರಲ್ಲಿ ಬಣ್ಣಗಳ ಬಗ್ಗೆ ಅವರು ತಂದ ಪುಸ್ತಕದಲ್ಲಿ ವಯೊಲೆಟ್ ಹೂವಿನ ಪಾಕದ ಪ್ರಯೋಗ ಬರುತ್ತದೆ. ಬಿಳಿ ಕಾಗದದ ಮೇಲೆ ಪಾಕದ ಹನಿ ಬಿಟ್ಟು, ಅದರ ಮೇಲೆ ಆಮ್ಲದ ಹನಿ ಬಿಟ್ಟರೆ ಕೆಂಪು, ಕ್ಷಾರ ಬಿಟ್ಟರೆ ಹಸಿರು. ಅಷ್ಟು ಹಿಂದೆ, ಅಯಾನು ಅನ್ನುವ ಮಾತೇ ಹುಟ್ಟಿರದ ಕಾಲದಲ್ಲಿ, ಕಾಗದ ಮತ್ತು ಹನಿ ಇಟ್ಟುಕೊಂಡು ಅವರು ಪದಾರ್ಥಗಳನ್ನು ಬೇರೆ ಬೇರೆ ಗುಂಪು ಮಾಡುತ್ತಿದ್ದರು. ಅದನ್ನು ಓದಿದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಈಗ ಸೋಪಿನ ನೀರಿಗೆ ಬರೋಣ

ನೀಲಿ ಕಾಗದದಲ್ಲಿರುವ ಅಣುಗಳು ಆಗಲೇ ಹೈಡ್ರೋಜನ್ ಕಳೆದುಕೊಂಡು ಕೂತಿವೆ. ಅಂಥ ಕಾಗದದ ಮೇಲೆ ಸೋಪಿನ ನೀರು ಬಿಟ್ಟರೆ ಏನಾಗಬೇಕು? ಸೋಪು ಕ್ಷಾರದ ಕಡೆಯದು. ಸಾಮಾನ್ಯ ಸೋಪಿನ ನೀರಿನ ಪಿಎಚ್ 9ರಿಂದ 10ರ ಆಸುಪಾಸು (ಪಿಎಚ್ ಅಂದರೆ ಆಮ್ಲ, ಕ್ಷಾರಗಳನ್ನು ಅಳೆಯುವ ಅಂಕಿ, 7ರ ಮೇಲಿದ್ದರೆ ಕ್ಷಾರ; ಅದರ ಮಾತು ಮುಂದೆ ಬರುತ್ತದೆ). ಅದು ಹೈಡ್ರೋಜನ್ ಕಿತ್ತುಕೊಳ್ಳಲು ಬರುತ್ತದೆ. ಆದರೆ ಕಿತ್ತುಕೊಳ್ಳಲು ಅಲ್ಲಿ ಉಳಿದಿರುವುದೇ ಇಲ್ಲ. ಹಾಗಾಗಿ ಬಣ್ಣ ಬದಲಾಗುವುದಿಲ್ಲ. ನೀಲಿ ಕಾಗದ ಶುದ್ಧ ನೀರಿನಲ್ಲೂ ನೀಲಿ, ಉಪ್ಪುನೀರಿನಲ್ಲೂ ನೀಲಿ, ಸೋಪಿನ ನೀರಿನಲ್ಲೂ ನೀಲಿ, ಸುಣ್ಣದ ತಿಳಿನೀರಿನಲ್ಲೂ ನೀಲಿ.

ಅಂದರೆ ನೀಲಿ ಕಾಗದ ಬದಲಾಗದೇ ಉಳಿದಾಗ ಅದು "ಇದು ತಟಸ್ಥ" ಅನ್ನುತ್ತಿಲ್ಲ. "ಇದು ಆಮ್ಲ ಅಲ್ಲ" ಅನ್ನುತ್ತಿದೆ, ಅಷ್ಟೇ. ಹಾಗೆಯೇ ಕೆಂಪು ಕಾಗದ ಕೆಂಪಾಗಿಯೇ ಉಳಿದರೆ "ಇದು ಪ್ರತ್ಯಾಮ್ಲ ಅಲ್ಲ" ಅಂತ. ಒಂದೊಂದು ಕಾಗದಕ್ಕೂ ಕೇಳಬಹುದಾದ ಪ್ರಶ್ನೆ ಒಂದೇ. ತಟಸ್ಥ ಅಂತ ಬರೆಯಬೇಕಾದರೆ ಎರಡೂ ಕಾಗದಗಳು "ಅಲ್ಲ" ಅನ್ನಬೇಕು. ಎರಡನ್ನೂ ಹಾಕಿ, ಕೆಂಪು ಕೆಂಪಾಗಿಯೂ ನೀಲಿ ನೀಲಿಯಾಗಿಯೂ ಉಳಿದರೆ ಮಾತ್ರ ಆ ಪದ ಬರೆಯಬಹುದು.

ಮಗಳಿಗೆ ಕೆಂಪು ಕಾಗದದ ಒಂದು ಚೂರು ಕೊಟ್ಟು ಅದೇ ಸೋಪಿನ ನೀರನ್ನು ಮುಟ್ಟಿಸು ಅಂದೆ. ಹನಿ ಬಿದ್ದ ಜಾಗ ಮೊದಲು ಸುಮ್ನೆ ಒದ್ದೆಯಾಗಿ ಕಡುಗೆಂಪಾಯಿತು. ಎರಡು ಮೂರು ಕ್ಷಣ ಬಿಟ್ಟು ನಡುವಿನಿಂದ ನೀಲಿ ಹಬ್ಬಿತು. ಅವಳು ಏನೂ ಮಾತಾಡದೆ ನೋಟ್ಸ್ ತೆಗೆದು "ತಟಸ್ಥ" ಅನ್ನುವುದನ್ನು ಹೊಡೆದುಹಾಕಿ "ಪ್ರತ್ಯಾಮ್ಲ" ಅಂತ ಬರೆದಳು. ಆಮೇಲೆ ತಾನೇ ಉಪ್ಪುನೀರಿಗೂ ಕೆಂಪು ಕಾಗದ ಹಾಕಿ ನೋಡಿದಳು. ಅದು ಕೆಂಪಾಗಿಯೇ ಇತ್ತು. ಆ ಸಾಲು ಸರಿಯಾಗಿತ್ತು, ಆದರೆ ಸರಿ ಅಂತ ಗೊತ್ತಾದದ್ದು ಆಗ.

ನೀರಿಲ್ಲದೆ ಉತ್ತರವಿಲ್ಲ

ಬಣ್ಣ ಬದಲಾಗದೇ ಇರುವುದಕ್ಕೆ ಇನ್ನೊಂದು ಕಾರಣ ಇದೆ. ಇದು ಇನ್ನೂ ಸುಲಭವಾಗಿ ಕಣ್ತಪ್ಪುತ್ತದೆ.

ಸಿಟ್ರಿಕ್ ಆಮ್ಲದ ಪುಡಿ ಸಕ್ಕರೆಯ ಹಾಗೆ ಬಿಳಿ ಹರಳು. ನಿಂಬೆಯ ಹುಳಿಗೆ ಮುಖ್ಯ ಕಾರಣ ಅದೇ. ಆ ಒಣ ಪುಡಿಯನ್ನು ಒಣ ನೀಲಿ ಕಾಗದದ ಮೇಲೆ ಸುರಿದು ಎಷ್ಟು ಹೊತ್ತು ಕಾದರೂ ಏನೂ ಆಗುವುದಿಲ್ಲ. ಪುಡಿಯ ಮೇಲೆ ಒಂದು ಹನಿ ನೀರು ಬಿಡಿ. ಹರಳು ಕರಗುತ್ತಿದ್ದ ಹಾಗೇ ಅದರ ಸುತ್ತ ಕಾಗದ ಕೆಂಪಗಾಗುತ್ತದೆ. ಆಮ್ಲ ಮೊದಲೂ ಅಲ್ಲೇ ಇತ್ತು. ಆದರೆ ಹೈಡ್ರೋಜನ್ ಅಯಾನು ಬಿಡುಗಡೆಯಾಗಬೇಕಾದರೆ, ಅದು ಹರಿದು ಹೋಗಿ ಬಣ್ಣದ ಅಣುವನ್ನು ಸೇರಬೇಕಾದರೆ, ನೀರು ಬೇಕು. ಆಮ್ಲವನ್ನು ನೀರಿನಲ್ಲಿ ಅಯಾನು ಬಿಡುವ ವಸ್ತು ಅಂತ ಹೇಳಿದ್ದು ಸುಮ್ನೆ ಅಲ್ಲ. ಒಣ ಹೈಡ್ರೋಜನ್ ಕ್ಲೋರೈಡ್ ಅನಿಲದ ಕಥೆಯೂ ಇದೇ. ನೀರಿನಲ್ಲಿ ಕರಗಿದರೆ ಅದು ಹೈಡ್ರೋಕ್ಲೋರಿಕ್ ಆಮ್ಲ, ಅಷ್ಟು ಪ್ರಬಲ. ಒಣಗಿದ್ದಾಗ ಒಣ ನೀಲಿ ಕಾಗದವನ್ನು ಅದು ಕೆಂಪು ಮಾಡುವುದಿಲ್ಲ.

ಎಣ್ಣೆಯಲ್ಲೂ ಹೀಗೇ. ಎಣ್ಣೆಯಲ್ಲಿ ಲಿಟ್ಮಸ್ ಕಾಗದ ಅದ್ದಿದರೆ ಎರಡೂ ಬಣ್ಣಗಳು ಹಾಗೇ ಉಳಿಯುತ್ತವೆ. ಅದನ್ನು ನೋಡಿ ಎಣ್ಣೆ ತಟಸ್ಥ ಅಂತ ಬರೆದರೆ ಅದು ಉತ್ತರ ಅಲ್ಲ. ಅಲ್ಲಿ ಕಾಗದಕ್ಕೆ ಪ್ರಶ್ನೆ ತಲುಪೇ ಇಲ್ಲ. ಆದ್ದರಿಂದ ಪುಡಿಯಾದರೆ ಮೊದಲು ನೀರಿನಲ್ಲಿ ಕರಗಿಸಿ. ಅನಿಲವಾದರೆ ಕಾಗದವನ್ನೇ ಒದ್ದೆ ಮಾಡಿ. ನೀರಿನಲ್ಲಿ ಕರಗದ ವಸ್ತುವಿಗೆ ಲಿಟ್ಮಸ್ ಹಾಕಿ ತೀರ್ಪು ಕೊಡಲು ಹೋಗಬೇಡಿ.

ಮಾಡುವ ಬಗೆ

ಹೆಚ್ಚಿನವರು ಮಾಡುವುದು ಕಾಗದವನ್ನು ಪೂರ್ತಿ ದ್ರವದೊಳಗೆ ಮುಳುಗಿಸುವುದು. ಅದು ಬೇಡ. ಕಾಗದದ ಬಣ್ಣ ದ್ರವಕ್ಕೆ ಬಿಡುತ್ತದೆ, ದ್ರವ ಕೆಡುತ್ತದೆ. ಬಣ್ಣ ತೊಳೆದುಹೋದ ಕಾಗದದಲ್ಲಿ ಏನು ಕಂಡಿತು ಅನ್ನುವುದೂ ಅನುಮಾನ. ಕಾಗದದ ಚೂರುಗಳನ್ನು ಒಂದು ಬಿಳಿ ತಟ್ಟೆಯ ಮೇಲೆ ಇಡಿ. ಶುಚಿಯಾದ ಗಾಜಿನ ಕಡ್ಡಿಯನ್ನು ದ್ರವದಲ್ಲಿ ಅದ್ದಿ, ಅದರ ತುದಿಯನ್ನು ಕಾಗದಕ್ಕೆ ಮುಟ್ಟಿಸಿ. ಒಂದೇ ಹನಿ ಸಾಕು. ಮೊದಲು ನೀಲಿಗೆ, ಆಮೇಲೆ ಕೆಂಪಿಗೆ. ಇನ್ನೊಂದು ದ್ರವಕ್ಕೆ ಹೋಗುವ ಮುಂಚೆ ಕಡ್ಡಿಯನ್ನು ಬಟ್ಟಿ ಇಳಿಸಿದ ನೀರಿನಲ್ಲಿ ತೊಳೆದು ಒರೆಸಿ. ತೊಳೆಯದ ಕಡ್ಡಿಯಿಂದ ಹಿಂದಿನ ದ್ರವದ ಆಮ್ಲ ಮುಂದಿನದಕ್ಕೆ ಹೋಗುತ್ತದೆ, ಆಗ ಯಾವ ಬಣ್ಣ ಯಾರದು ಅಂತ ಹೇಳುವುದು ಕಷ್ಟ.

ಪಕ್ಕದಲ್ಲಿ ಬರೀ ನೀರು ಮುಟ್ಟಿಸಿದ ಎರಡು ಚೂರು ಇಟ್ಟುಕೊಳ್ಳುವ ಅಭ್ಯಾಸ ನನಗಿದೆ. ಒದ್ದೆಯಾದ ಕಾಗದ ಒಣ ಕಾಗದಕ್ಕಿಂತ ಗಾಢವಾಗಿ ಕಾಣುತ್ತದೆ, ಅದನ್ನೇ ಬಣ್ಣ ಬದಲಾಯಿತು ಅಂತ ಮಕ್ಕಳು ತಿಳಿಯುವುದುಂಟು. ಹೋಲಿಸಲು ಒದ್ದೆ ಕಾಗದವೇ ಪಕ್ಕದಲ್ಲಿದ್ದರೆ ಆ ಗೊಂದಲ ಇರುವುದಿಲ್ಲ.

ಕಾಗದವನ್ನು ಬೆರಳಿನಿಂದ ಹಿಡಿಯುವ ಬದಲು ಚಿಮಟದಿಂದ ಹಿಡಿದರೆ ಒಳ್ಳೆಯದು. ನಮ್ಮ ಚರ್ಮದ ಮೇಲ್ಮೈ ತುಸು ಆಮ್ಲೀಯ, ಬೆವರಿದ ಬೆರಳು ನೀಲಿ ಕಾಗದದ ಮೇಲೆ ಮಾಸಲು ಗುರುತು ಬಿಡಬಹುದು. ಡಬ್ಬಿಯ ಮುಚ್ಚಳ ಗಟ್ಟಿಯಾಗಿರಲಿ, ಬಿಸಿಲಿನಿಂದ ದೂರ ಇರಲಿ. ಅಮೋನಿಯಾ ಬಾಟಲಿಯ ಪಕ್ಕ ತೆರೆದಿಟ್ಟ ಕೆಂಪು ಕಾಗದ ತಾನಾಗೇ ನೀಲಿಯಾಗಿರುತ್ತದೆ. ಬಣ್ಣದ ದ್ರವವಾದರೆ, ಉದಾಹರಣೆಗೆ ದ್ರಾಕ್ಷಿರಸ, ದ್ರವದ ಸ್ವಂತ ಬಣ್ಣ ಲಿಟ್ಮಸ್ ಬಣ್ಣದ ಜೊತೆ ಬೆರೆತು ಕಣ್ಣಿಗೆ ಮೋಸ ಮಾಡುತ್ತದೆ. ಸ್ವಲ್ಪ ನೀರು ಬೆರೆಸಿ ತೆಳು ಮಾಡಿ, ಸಣ್ಣ ಹನಿ ಮುಟ್ಟಿಸಿ, ಕಾಗದದ ಹಿಂಬದಿಯನ್ನು ನೋಡಿ.

ಪ್ರಬಲ ಆಮ್ಲ, ಪ್ರಬಲ ಕ್ಷಾರಗಳನ್ನು ಮಕ್ಕಳ ಕೈಗೆ ಕೊಡುವುದು ಬೇಡ. ಸಾಂದ್ರ ಸಲ್ಫ್ಯೂರಿಕ್ ಆಮ್ಲ ಕಾಗದದಿಂದ ನೀರಿನ ಅಂಶವನ್ನೇ ಕಿತ್ತು ಅದನ್ನು ಕಪ್ಪಾಗಿಸುತ್ತದೆ. ಅಲ್ಲಿ ಬಣ್ಣ ನೋಡಲು ಕಾಗದವೇ ಉಳಿಯುವುದಿಲ್ಲ, ಚರ್ಮಕ್ಕೆ ತಾಕಿದರಂತೂ ಸುಟ್ಟೇ ಹೋಗುತ್ತದೆ. ಮತ್ತೆ, ಗೊತ್ತಿಲ್ಲದ ದ್ರವವನ್ನು ರುಚಿ ನೋಡಿ ಹುಳಿಯೋ ಅಲ್ಲವೋ ಅಂತ ಕಂಡುಹಿಡಿಯಲು ಯಾವತ್ತೂ ಹೋಗಬಾರದು. ಲಿಟ್ಮಸ್ ಇರುವುದೇ ಅದಕ್ಕೆ.

ಎಷ್ಟು ಆಮ್ಲ ಅಂತ ಕೇಳಿದರೆ?

ಇಲ್ಲಿ ಪಿಎಚ್ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ಶುದ್ಧ ನೀರಿನಲ್ಲೂ ಕೆಲವು ಅಣುಗಳು ಒಡೆದು ಹೈಡ್ರೋಜನ್ ಅಯಾನು ಕೊಡುತ್ತವೆ. ಎಷ್ಟು ಅಪರೂಪಕ್ಕೆ ಅಂದರೆ, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 55 ಕೋಟಿ ನೀರಿನ ಅಣುಗಳಲ್ಲಿ ಒಂದೇ ಒಂದು. 1 ಲೀಟರಿಗೆ 0.0000001 ಮೋಲ್ (ಕಣಗಳನ್ನು ಎಣಿಸಲು ರಸಾಯನಶಾಸ್ತ್ರದವರು ಬಳಸುವ ಮಾನ ಇದು). ಇಷ್ಟು ಸೊನ್ನೆ ಬರೆಯುವ ಬದಲು, ಪಾಯಿಂಟ್ ಆದ ಮೇಲೆ ಎಷ್ಟನೇ ಜಾಗದಲ್ಲಿ 1 ಬಂತು ಅಂತ ಎಣಿಸಿದರೆ ಸಾಕಲ್ವಾ? ಏಳನೇ ಜಾಗ. ಅದೇ ಪಿಎಚ್ 7. 1909ರಲ್ಲಿ ಈ ಅಳತೆಗೋಲನ್ನು ಕೊಟ್ಟವರು ಕೋಪನ್‌ಹೇಗನ್ ನಗರದ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಸೋರೆನ್ ಸೋರೆನ್ಸನ್.

ಈ ಎಣಿಕೆಯಲ್ಲಿ ಒಂದು ಮೆಟ್ಟಿಲು ಇಳಿದರೆ ಅಯಾನುಗಳು 10 ಪಟ್ಟು ಜಾಸ್ತಿ. ನಿಂಬೆರಸದ ಪಿಎಚ್ ಸುಮಾರು 2. ಅಂದರೆ ಶುದ್ಧ ನೀರಿಗಿಂತ ಒಂದು ಲಕ್ಷ ಪಟ್ಟು ಹೈಡ್ರೋಜನ್ ಅಯಾನುಗಳು. 7ಕ್ಕಿಂತ ಕೆಳಗೆ ಆಮ್ಲ, ಮೇಲೆ ಪ್ರತ್ಯಾಮ್ಲ. ಸುಣ್ಣದ ತಿಳಿನೀರು 12ರ ಮೇಲಿದೆ.

ಲಿಟ್ಮಸ್ ಈ ಗೋಲಿನ ಎಲ್ಲ ಮೆಟ್ಟಿಲುಗಳನ್ನೂ ನೋಡಲಾರದು. ಪಿಎಚ್ ಸುಮಾರು 5ಕ್ಕಿಂತ ಕಡಿಮೆ ಇದ್ದರೆ ಕೆಂಪು, 8ಕ್ಕಿಂತ ಜಾಸ್ತಿ ಇದ್ದರೆ ನೀಲಿ. ಅಷ್ಟೇ. ಪಿಎಚ್ 1ರ ಹೊಟ್ಟೆ ಸುಡುವ ಆಮ್ಲಕ್ಕೂ ಪಿಎಚ್ 4ರ ಹಣ್ಣಿನ ರಸಕ್ಕೂ ಅದು ತೋರಿಸುವುದು ಕೆಂಪು. ಇವೆರಡರ ನಡುವೆ 1,000 ಪಟ್ಟು ವ್ಯತ್ಯಾಸ ಇದೆ! ಕೆಂಪು ಜಾಸ್ತಿ ಗಾಢ ಆದರೆ ಆಮ್ಲ ಜಾಸ್ತಿ ಪ್ರಬಲ ಅಂತ ಕೆಲವರು ಓದುತ್ತಾರೆ. ಆ ಗಾಢತೆ ಕಾಗದ ಎಷ್ಟು ಬಣ್ಣ ಹೀರಿತ್ತು ಅನ್ನುವುದರ ಮೇಲೆ ಹೋಗುತ್ತದೆ, ಆಮ್ಲದ ಬಲದ ಮೇಲಲ್ಲ.

ಪ್ರಬಲ, ಸಾಂದ್ರ ಅನ್ನುವ ಎರಡು ಪದಗಳೂ ಇಲ್ಲಿ ಕಲಸಿಹೋಗುತ್ತವೆ. ಸಾಂದ್ರ ಅಂದರೆ ನೀರಿನಲ್ಲಿ ಆಮ್ಲ ಎಷ್ಟು ಬೆರೆತಿದೆ ಅನ್ನುವ ಮಾತು. ಪ್ರಬಲ ಅಂದರೆ ಬೆರೆತ ಅಣುಗಳಲ್ಲಿ ಎಷ್ಟು ಒಡೆದು ಅಯಾನು ಕೊಟ್ಟವು ಅನ್ನುವ ಮಾತು. ವಿನೆಗರ್‌ನಲ್ಲಿ ಶೇಕಡಾ ಸುಮಾರು 5ರಷ್ಟು ಅಸಿಟಿಕ್ ಆಮ್ಲ ಇರುತ್ತದೆ. ಆದರೆ ಸಾವಿರ ಅಣುಗಳಲ್ಲಿ ನಾಲ್ಕೈದು ಮಾತ್ರ ಒಡೆದಿರುತ್ತವೆ. ಆ ನಾಲ್ಕೈದೇ ಪಿಎಚ್ಚನ್ನು 2.5ರ ಹತ್ತಿರಕ್ಕೆ ತರಲು ಸಾಕು, ಲಿಟ್ಮಸ್ ಕೆಂಪಾಗಲು ಧಾರಾಳ ಸಾಕು.

ನಡುವಿನ ನೇರಳೆ

5ಕ್ಕೂ 8ಕ್ಕೂ ನಡುವೆ ಏನು? ಅಲ್ಲಿ ಕೆಲವು ಅಣುಗಳು ಕೆಂಪು ರೂಪದಲ್ಲಿ, ಉಳಿದವು ನೀಲಿ ರೂಪದಲ್ಲಿ ಇರುತ್ತವೆ. ಒಂದು ತುದಿಗೆ ಹತ್ತಿರವಾದಷ್ಟೂ ಆ ಬಣ್ಣದ ಪಾಲು ಜಾಸ್ತಿ. ಎರಡೂ ಕೂಡಿ ಕಣ್ಣಿಗೆ ನೇರಳೆ. ಯಾವುದಾದರೂ ವಿಷಯದ ಕೊನೆಯ ತೀರ್ಮಾನಕ್ಕೆ ಪತ್ರಿಕೆಗಳಲ್ಲಿ "ಲಿಟ್ಮಸ್ ಟೆಸ್ಟ್" ಅನ್ನುತ್ತಾರೆ, ಹೌದು ಅಥವಾ ಇಲ್ಲ ಅಂತ ಖಡಾಖಂಡಿತ ಉತ್ತರ ಸಿಗುವ ಹಾಗೆ. ನಿಜವಾದ ಲಿಟ್ಮಸ್‌ಗೆ ಈ ನೇರಳೆಯೂ ಒಂದು ಉತ್ತರ.

ಹಾಲು ಇದಕ್ಕೆ ನನ್ನ ಮೆಚ್ಚಿನ ಉದಾಹರಣೆ. ತಾಜಾ ಹಾಲಿನ ಪಿಎಚ್ 6.6ರ ಸುತ್ತಮುತ್ತ. ನೀಲಿ ಕಾಗದಕ್ಕೆ ಮುಟ್ಟಿಸಿದರೆ ಅದು ಕೊಂಚ ಕೆಂಪಿನ ಕಡೆ ವಾಲುತ್ತದೆ. ಕೆಂಪು ಕಾಗದಕ್ಕೆ ಮುಟ್ಟಿಸಿದರೆ ಅದೂ ಕೊಂಚ ನೀಲಿಯ ಕಡೆ ವಾಲುತ್ತದೆ. ನಿಯಮ ಬಾಯಿಪಾಠ ಮಾಡಿದವರಿಗೆ ಇದು ತಲೆ ಕೆಡಿಸುತ್ತದೆ. ಒಂದೇ ದ್ರವ ಆಮ್ಲವೂ ಪ್ರತ್ಯಾಮ್ಲವೂ ಆಗುವುದು ಹೇಗೆ? ಎರಡು ಕಾಗದಗಳಲ್ಲೂ ಒಂದೇ ಬಣ್ಣ ಇದೆ ಅಂತ ನೆನಪಿದ್ದರೆ ಕಷ್ಟವೇ ಇಲ್ಲ. ಎರಡೂ ನೇರಳೆಯ ಕಡೆಗೇ ಹೊರಟಿವೆ, ಒಂದು ಈ ಕಡೆಯಿಂದ, ಇನ್ನೊಂದು ಆ ಕಡೆಯಿಂದ. ಹಾಲು ಹುಳಿಯಾಗುತ್ತಾ ಹೋದರೆ ಅದರಲ್ಲಿ ಲ್ಯಾಕ್ಟಿಕ್ ಆಮ್ಲ ಹೆಚ್ಚಿ, ನೀಲಿ ಕಾಗದ ಸ್ಪಷ್ಟವಾಗಿ ಕೆಂಪಾಗುತ್ತದೆ.

ಸೂಕ್ಷ್ಮಜೀವಿ ಪ್ರಯೋಗಾಲಯಗಳಲ್ಲಿ ಇದನ್ನೇ ಬಳಸಿಕೊಂಡು ಹಾಲಿಗೆ ಲಿಟ್ಮಸ್ ಬೆರೆಸಿ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಸುತ್ತಾರೆ. ಆಮ್ಲ ಮಾಡುವ ಬ್ಯಾಕ್ಟೀರಿಯಾ ಇದ್ದರೆ ಹಾಲು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಕ್ಷಾರದ ವಸ್ತು ಬಿಡುವಂಥವು ಇದ್ದರೆ ನೀಲಿ. ಕೆಲವು ಬ್ಯಾಕ್ಟೀರಿಯಾಗಳು ಲಿಟ್ಮಸ್ ಅಣುವಿಗೇ ಎಲೆಕ್ಟ್ರಾನು ಕೊಟ್ಟು ಅದರ ಬಣ್ಣವನ್ನೇ ಅಳಿಸುತ್ತವೆ, ಹಾಲು ಮತ್ತೆ ಬೆಳ್ಳಗೆ.

ನೇರಳೆಯ ಈ ಪಟ್ಟಿಯಲ್ಲಿ ಬಹಳ ಮುಖ್ಯವಾದ ಸಂಗತಿಗಳು ಇವೆ. ಮನುಷ್ಯನ ರಕ್ತ 7.35ರಿಂದ 7.45. ಬೆಳೆಗೆ ಒಗ್ಗುವ ಹೆಚ್ಚಿನ ಮಣ್ಣು 6ರಿಂದ 7.5ರ ಒಳಗೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿಸಿಕೊಂಡು ಬರುವ ಸಾಮಾನ್ಯ ಮಳೆನೀರು ಸುಮಾರು 5.6. ಇವುಗಳಲ್ಲಿ ಅರ್ಧ ಮೆಟ್ಟಿಲಿನ ವ್ಯತ್ಯಾಸವೂ ದೊಡ್ಡದು, ಅದನ್ನು ಲಿಟ್ಮಸ್ ತೋರಿಸುವುದಿಲ್ಲ. ಮಳೆನೀರಿನಲ್ಲಿ ಇನ್ನೊಂದು ತೊಂದರೆಯೂ ಇದೆ. ಅದರಲ್ಲಿರುವ ಆಮ್ಲ ಎಷ್ಟು ಕಡಿಮೆ ಅಂದರೆ, ಕಾಗದದಲ್ಲಿರುವ ಬಣ್ಣವೇ ಅದನ್ನು ನುಂಗಿ ಮುಗಿಸಿಬಿಡಬಹುದು. ಮಣ್ಣನ್ನು ಲಿಟ್ಮಸ್‌ನಿಂದ ಪರೀಕ್ಷಿಸಿ ಸುಣ್ಣ ಹಾಕಬೇಕೋ ಬೇಡವೋ ಅಂತ ನಿರ್ಧರಿಸುವುದನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಹಲವು ಬಣ್ಣ ತೋರಿಸುವ ಪಿಎಚ್ ಕಾಗದ ಅಥವಾ ಪಿಎಚ್ ಮೀಟರ್ ಬೇಕು. ಪಿಎಚ್ ಕಾಗದದಲ್ಲಿ ಬೇರೆ ಬೇರೆ ಪಿಎಚ್‌ನಲ್ಲಿ ಬದಲಾಗುವ ಹಲವು ಸೂಚಕಗಳನ್ನು, ಅಂದರೆ ಲಿಟ್ಮಸ್‌ನಂಥ ಬಣ್ಣಗಳನ್ನು, ಬೆರೆಸಿರುತ್ತಾರೆ, ಹಾಗಾಗಿ ಕೆಂಪಿನಿಂದ ಹಳದಿ, ಹಸಿರು ದಾಟಿ ನೇರಳೆಯವರೆಗೆ ಮೆಟ್ಟಿಲು ಮೆಟ್ಟಿಲಾಗಿ ಬಣ್ಣ ಸಿಗುತ್ತದೆ.

ಆಮ್ಲ ಮತ್ತು ಪ್ರತ್ಯಾಮ್ಲ ಸೇರಿ ಆಗುವ ಲವಣ ಯಾವಾಗಲೂ ತಟಸ್ಥ ಅನ್ನುವ ನಂಬಿಕೆಯನ್ನೂ ಲಿಟ್ಮಸ್ ಅಲುಗಿಸುತ್ತದೆ. ಅಡುಗೆ ಉಪ್ಪು ತಟಸ್ಥ, ನಿಜ. ಆದರೆ ವಾಷಿಂಗ್ ಸೋಡಾವೂ ಲವಣವೇ, ಅದರ ನೀರು ಕೆಂಪು ಕಾಗದವನ್ನು ನೀಲಿ ಮಾಡುತ್ತದೆ. ಪಟಿಕವೂ ಲವಣವೇ, ಅದರ ನೀರು ನೀಲಿಯನ್ನು ಕೆಂಪು ಮಾಡುತ್ತದೆ. ಪ್ರಬಲ ಕ್ಷಾರ ಮತ್ತು ದುರ್ಬಲ ಆಮ್ಲ ಸೇರಿ ಆದ ಲವಣದಲ್ಲಿ ಕ್ಷಾರದ ಗುಣ ಉಳಿಯುತ್ತದೆ. ಪಟಿಕದಲ್ಲಿ ಅದರೊಳಗಿನ ಅಲ್ಯೂಮಿನಿಯಂ ಅಯಾನು ನೀರಿನ ಅಣುಗಳಿಂದ ಹೈಡ್ರೋಜನ್ ಅಯಾನು ಬಿಡಿಸುತ್ತದೆ.

ಬಣ್ಣವೇ ಹೋದರೆ

ಬಟ್ಟೆ ಬಿಳುಪು ಮಾಡುವ ಬ್ಲೀಚ್ ದ್ರಾವಣವನ್ನು ಕೆಂಪು ಕಾಗದಕ್ಕೆ ಮುಟ್ಟಿಸಿದರೆ ಅದು ಮೊದಲು ನೀಲಿಯಾಗುತ್ತದೆ. ಬ್ಲೀಚ್ ಕ್ಷಾರೀಯ, ಸರಿ. ಆದರೆ ನೋಡುತ್ತಿದ್ದಂತೆ ನೀಲಿ ಮಂಕಾಗಿ, ಆ ಜಾಗ ಬಿಳಿಯಾಗಿ ಉಳಿಯುತ್ತದೆ. ಒದ್ದೆ ನೀಲಿ ಕಾಗದಕ್ಕೆ ಕ್ಲೋರಿನ್ ಅನಿಲ ತಾಕಿದರೂ ಹೀಗೇ. ಮೊದಲು ಕೆಂಪು, ಆಮೇಲೆ ಬಿಳಿ. ಇಲ್ಲಿ ಅಣು ಬರೀ ಹೈಡ್ರೋಜನ್ ಕೊಟ್ಟು ತೆಗೆದುಕೊಂಡಿಲ್ಲ, ಅಣುವೇ ಮುರಿದುಹೋಗಿದೆ. ಆದ್ದರಿಂದ ಇದು ಹಿಂದೆ ಬರುವ ದಾರಿಯಲ್ಲ. ಆಮ್ಲ ಹಾಕಿದರೂ ಕ್ಷಾರ ಹಾಕಿದರೂ ಆ ಬಿಳಿ ಕಲೆಗೆ ಬಣ್ಣ ಬರುವುದಿಲ್ಲ. ರಸಾಯನಶಾಸ್ತ್ರದವರಿಗೆ ಈ ಬಿಳಿಯೂ ಉಪಯೋಗಕ್ಕೆ ಬಂದಿದೆ. ಕ್ಲೋರಿನ್ ಇದೆ ಅಂತ ಗುರುತಿಸುವುದೇ ಹೀಗೆ. ನೆನಪಿರಲಿ, ಬ್ಲೀಚ್ ಜೊತೆಗೆ ಆಮ್ಲವನ್ನಾಗಲಿ ಅಮೋನಿಯಾವನ್ನಾಗಲಿ ಬೆರೆಸಲೇಬಾರದು. ವಿಷಾನಿಲ ಏಳುತ್ತದೆ.

ಪಿಎಚ್ ಮೀಟರ್ ಬಂದ ಮೇಲೂ ಲಿಟ್ಮಸ್ ಎಲ್ಲಿ ಗೆಲ್ಲುತ್ತದೆ ಅಂತ ಕೇಳಿದರೆ ನಾನು ಅನಿಲದ ಪರೀಕ್ಷೆ ಅನ್ನುತ್ತೇನೆ. ಸಾಮಾನ್ಯವಾಗಿ ಪ್ರಯೋಗಾಲಯದಲ್ಲಿ ಸಿಗುವ ಅನಿಲಗಳಲ್ಲಿ ಒದ್ದೆ ಕೆಂಪು ಲಿಟ್ಮಸ್ಸನ್ನು ನೀಲಿ ಮಾಡುವುದು ಅಮೋನಿಯಾ ಒಂದೇ. ಯಾವುದೋ ಲವಣದಲ್ಲಿ ಅಮೋನಿಯಂ, ಅಂದರೆ ಹೈಡ್ರೋಜನ್ ಅಯಾನು ಅಂಟಿಸಿಕೊಂಡ ಅಮೋನಿಯಾ, ಇದೆಯೋ ಇಲ್ಲವೋ ತಿಳಿಯಬೇಕಾದರೆ ಅದನ್ನು ಪ್ರನಾಳದಲ್ಲಿ ಸೋಡಿಯಂ ಹೈಡ್ರಾಕ್ಸೈಡ್ ಎಂಬ ಪ್ರಬಲ ಕ್ಷಾರದ ದ್ರಾವಣದ ಜೊತೆ ಮೆಲ್ಲಗೆ ಬಿಸಿ ಮಾಡುತ್ತಾರೆ. ಕೆಂಪು ಕಾಗದದ ಚೂರನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಒದ್ದೆ ಮಾಡಿ, ಚಿಮಟದಲ್ಲಿ ಹಿಡಿದು, ಪ್ರನಾಳದ ಬಾಯಿಯ ಮೇಲೆ ಇಡುತ್ತಾರೆ. ಗಾಜಿಗೆ ಮಾತ್ರ ಕಾಗದ ತಾಕಬಾರದು. ಕುದಿಯುವಾಗ ಸಿಡಿದ ಹೈಡ್ರಾಕ್ಸೈಡ್ ಗೋಡೆಗೆ ಅಂಟಿಕೊಂಡಿರುತ್ತದೆ, ಅದು ತಾಕಿದರೂ ಕಾಗದ ನೀಲಿಯಾಗುತ್ತದೆ, ಅದು ಅಮೋನಿಯಾದ ನೀಲಿ ಅಲ್ಲ. ಎರಡನ್ನೂ ಬೇರೆ ಮಾಡಲು ಒಂದು ಗುರುತಿದೆ. ಸಿಡಿದ ಹನಿ ತಾಕಿದರೆ ಕಾಗದದ ಮೇಲೆ ಚುಕ್ಕಿ ಚುಕ್ಕಿಯಾಗಿ ನೀಲಿ ಬೀಳುತ್ತದೆ. ಅಮೋನಿಯಾ ಬಂದರೆ ಕೆಳಗಿನ ಅಂಚಿನಿಂದ ಶುರುವಾಗಿ ಒಂದೇ ಸಮನೆ ಮೇಲಕ್ಕೆ ಹಬ್ಬುತ್ತದೆ.